ನಮ್ಮಪ್ಪನ ಹತ್ತನೇ ಬೆರಳು

ನಮ್ಮಪ್ಪನಿಗೆ ಹತ್ತು ಬೆರಳಿವೆ. ಇದನ್ನು ಹೇಳುವಾಗ ನಾನು ತಲೆ ತಗ್ಗಿಸುವುದಿಲ್ಲ, ದನಿಯನ್ನೂ ತಗ್ಗಿಸುವುದಿಲ್ಲ. ಅನುಮಾನವಿದ್ದವರು ಮನೆಗೆ ಬಂದು ಎಣಿಸಿಕೊಳ್ಳಬಹುದು. ಊಟದ ಹೊತ್ತಿಗೆ ಮಾತ್ರ ಬರಬೇಡಿ, ಆಗ ಐದು ಬೆರಳು ತಟ್ಟೆಯಲ್ಲಿ ಕೆಲಸದ ಮೇಲಿರುತ್ತವೆ, ಅವನ್ನು ಕರೆದರೂ ಬರುವುದಿಲ್ಲ.

ಇದರಲ್ಲೇನು ಹೆಚ್ಚುಗಾರಿಕೆ, ನಮಗೂ ಹತ್ತಿಲ್ಲವೇ ಅಂತ ನೀವು ಕೇಳಬಹುದು. ಇರಬಹುದು. ಆದರೆ ನೀವು ನಮ್ಮಪ್ಪನ ಶೆಡ್ಡಿನ ಬಡಗಿಗಳಲ್ಲ.

ಆ ಶೆಡ್ಡಿನಲ್ಲಿ ತಗಡಿನ ಸೂರು, ಮೊಣಕಾಲುದ್ದ ಮರದ ಹೊಟ್ಟು, ನಟ್ಟನಡುವೆ ಕೊಯ್ಯುವ ಮಿಷನ್ನು. ಮಿಷನ್ನು ಅಂದರೆ ಒಂದು ಕಬ್ಬಿಣದ ಮೇಜು, ಮೇಜಿನ ನಡುವಿನ ಸೀಳಿನಿಂದ ಇಣುಕುವ ಹಲ್ಲುಹಲ್ಲಿನ ದುಂಡು ಬ್ಲೇಡು. ಸ್ವಿಚ್ಚು ಒತ್ತಿದರೆ ಹಲ್ಲುಗಳೆಲ್ಲ ಮಾಯವಾಗಿ ಬರೀ ಹೊಳಪು ಉಳಿಯುತ್ತದೆ. ಹಲಗೆ ತಳ್ಳಿದರೆ ಹಲಗೆ ಸೀಳುತ್ತದೆ. ಬೆರಳು ತಳ್ಳಿದರೆ ಬೆರಳು. ಮರ ಬೇರೆ, ಮನುಷ್ಯ ಬೇರೆ ಅನ್ನುವ ಭೇದಭಾವ ಅದಕ್ಕಿಲ್ಲ.

ಈ ಮಿಷನ್ನಿನ ಎದುರಿಗೆ ಗೋಡೆಗೆ ಒರಗಿಸಿದ ಒಂದು ಬೆಂಚಿದೆ. ಅದರ ಮೇಲೆ ಯಾರು ಬೇಕಾದರೂ ಕೂರುವ ಹಾಗಿಲ್ಲ. ಮಿಷನ್ನಿಗೆ ಬೆರಳು ಕೊಟ್ಟವರು ಮಾತ್ರ ಕೂರಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಕ್ಕೆ ಅಷ್ಟು ಮರ್ಯಾದೆ ನಾನು ಎಲ್ಲೂ ನೋಡಿಲ್ಲ. ಬೆಂಚಿನ ನಡುವೆ ಮೂರೂವರೆ ಮೇಸ್ತ್ರಿ. ಎಡಗೈಯಲ್ಲಿ ಉಳಿದಿರುವುದು ಮೂರೂವರೆ ಬೆರಳಾದ್ದರಿಂದ ಆ ಹೆಸರು. ಪಕ್ಕದಲ್ಲಿ ಕಿರುಬೆರಳಣ್ಣ. ಯಾವುದು ಇಲ್ಲವೋ ಅದೇ ಅವನ ಹೆಸರಾಯಿತು. ಟೀ ಬಂದರೆ ಮೊದಲ ಲೋಟ ಬೆರಳು ಕಮ್ಮಿ ಇದ್ದವರಿಗೆ. ಹತ್ತೂ ಇದ್ದವನಿಗೆ ಕೊನೇ ಲೋಟ, ಅಷ್ಟರಲ್ಲಿ ಅದು ಟೀ ಅಲ್ಲ, ಟೀ ಬಣ್ಣದ ನೀರು.

ಆ ಕೊನೇ ಲೋಟ ಅಪ್ಪನದು. ಕೂರಲು ಬೋರಲು ಹಾಕಿದ ಪೇಂಟ್ ಡಬ್ಬ. ಹೆಸರು ‘ಪೂರ್ಣಪ್ಪ’. ಅಪ್ಪನ ನಿಜವಾದ ಹೆಸರು ಆ ಶೆಡ್ಡಿನಲ್ಲಿ ಯಾರಿಗೂ ನೆನಪಿಲ್ಲ.

ಪೂರ್ಣಪ್ಪ ಆದದ್ದು ಸುಮ್ಮನೆ ಅಲ್ಲ. ಕೊಯ್ಯುವ ಮೊದಲು ಅಪ್ಪ ಬ್ಲೇಡಿನ ಮೇಲೆ ಗಾರ್ಡು ಇಳಿಸುತ್ತಾನೆ. ಶೆಡ್ಡಿನವರು ಅದನ್ನು ‘ಟೋಪಿ’ ಅಂತ ಕರೆದು ನಗುತ್ತಾರೆ. ಅಂಗಿಯ ತೋಳು ಮೊಣಕೈ ದಾಟಿಸಿ ಮಡಚುತ್ತಾನೆ, ಉಂಗುರ ತೆಗೆದು ಜೇಬಿಗೆ ಹಾಕುತ್ತಾನೆ. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಯಾಕೆಂದರೆ ಸಿಕ್ಕಿಬಿದ್ದ ಹಲಗೆ ಕತ್ತೆಗಿಂತ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಕೊನೇ ಗೇಣು ಹಲಗೆಯನ್ನು ಕೈಯಲ್ಲಿ ತಳ್ಳದೆ ಒಂದು ಮರದ ತಳ್ಳುಕೋಲಿನಿಂದ ತಳ್ಳುತ್ತಾನೆ. ಇಷ್ಟೆಲ್ಲ ಮಾಡುವಷ್ಟರಲ್ಲಿ ಮೂರೂವರೆ ಮೇಸ್ತ್ರಿ ಅರ್ಧ ಮಂಚ ಕೊಯ್ದಿರುತ್ತಾರೆ.

“ಪೂರ್ಣಪ್ಪಾ, ಮದುಮಗನ ಹಾಗೆ ಸಿಂಗಾರ ಮುಗೀತಾ?” ಅಂತ ಕೇಳುತ್ತಾರೆ. ಬೆಂಚು ನಗುತ್ತದೆ. ಅಪ್ಪ ಪೇಂಟ್ ಡಬ್ಬದ ಮೇಲೆ ಕೂತು ಆ ಬೆಂಚನ್ನು ನೋಡುತ್ತಾನೆ. ಆ ನೋಟದಲ್ಲಿ ಆಸೆ ಇತ್ತು ಅಂತ ಹೇಳಿದರೆ ಅಪ್ಪನಿಗೆ ಕೋಪ ಬರುತ್ತದೆ. ಆದ್ದರಿಂದ ಹೇಳುವುದಿಲ್ಲ. ಇತ್ತು.

ಇಡೀ ಶೆಡ್ಡಿನಲ್ಲಿ ಅಪ್ಪನ ಮಾತು ಕೇಳುತ್ತಿದ್ದವನು ಒಬ್ಬನೇ, ಮೂರೂವರೆಯವರ ಹೊಸ ಅಳಿಯ. ಮದುವೆಯಾಗಿ ಮಾವನ ಜೊತೆ ಕೆಲಸಕ್ಕೆ ಸೇರಿದ್ದ. ಯಾರು ಏನು ಹೇಳಿದರೂ “ಆಯ್ತು” ಅನ್ನುವ ಮನುಷ್ಯ. ಅವನು ಸೇರಿದ ದಿನವೇ ಅವನ ಹೆಂಡತಿ, ಅಂದರೆ ಮೂರೂವರೆಯವರ ಮಗಳು, ನಮ್ಮ ಮನೆಗೆ ಬಂದಿದ್ದಳು.

“ಅಣ್ಣಾ, ಚಿಕ್ಕೋಳಿದ್ದಾಗ ಅಪ್ಪನ ಜೊತೆ ರಸ್ತೆ ದಾಟುವಾಗ ಹಿಡ್ಕೊಳ್ಳೋಕೆ ಬೆರಳೇ ಸಿಗ್ತಿರ್ಲಿಲ್ಲ. ಇವರದ್ದು ಎಲ್ಲಾ ಇರ್ಲಿ. ನೀವು ನೋಡ್ಕೊಳ್ಳಿ.”

ಅಪ್ಪ ಎದೆ ಉಬ್ಬಿಸಿ, “ನಿನ್ನ ಗಂಡನ ಬೆರಳಿಗೆ ನಾನು ಜವಾಬ್ದಾರಿ ತಾಯಿ. ಒಂದು ಕಮ್ಮಿ ಆದ್ರೆ ನನ್ನದು ಕೊಡ್ತೀನಿ” ಅಂದ.

“ನಿಮ್ಮದು ತಗೊಂಡು ಅವಳೇನು ಮಾಡ್ತಾಳೆ?” ಅಂದಳು ಅಮ್ಮ ಒಳಗಿನಿಂದ.

ಹೀಗಿರುವಾಗ ಒಂದು ಬೆಳಗ್ಗೆ ಅಪ್ಪನ ತೋರುಬೆರಳು ಜಜ್ಜಿತು. ಮಿಷನ್ನಿಗಲ್ಲ. ನಮ್ಮ ಮನೆಯ ಕಪಾಟಿನ ಡ್ರಾಯರಿಗೆ. ಆ ಕಪಾಟು ಮಾಡಿದವನು ಅಪ್ಪನೇ. ಆ ಡ್ರಾಯರು ಮೊದಲಿನಿಂದಲೂ ಹಟಮಾರಿ. ಎಳೆದರೆ ಬರುವುದಿಲ್ಲ, ಬಿಟ್ಟರೆ ತಾನೇ ಹೋಗಿ ಫಟ್ ಅಂತ ಮುಚ್ಚಿಕೊಳ್ಳುತ್ತದೆ. “ಊರಿನ ಕಪಾಟೆಲ್ಲ ಸರಿ ಮಾಡ್ತೀರಿ, ಇದನ್ನ ಒಂದು ಸಲ ಉಜ್ಜಿ ಕೊಡೋಕಾಗಲ್ಲ” ಅಂತ ಅಮ್ಮ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾಳೆ. ಅಪ್ಪ ಕಾಲುಚೀಲ ಹುಡುಕಲು ಕೈ ಹಾಕಿದ, ಡ್ರಾಯರು ಬಾಯಿ ಮುಚ್ಚಿತು, ಅಪ್ಪ ಬಾಯಿ ತೆರೆದ.

ಅಮ್ಮನಿಗೆ ಸಣ್ಣ ಕಟ್ಟು ಕಟ್ಟಲು ಬರುವುದಿಲ್ಲ. ಹಳೇ ಬೆಡ್‌ಶೀಟು ಹರಿದು ಸುತ್ತಿದಳು, ಸುತ್ತಿದಳು, ಮೇಲೆ ಇನ್ನೊಂದು ಸುತ್ತು ಸುತ್ತಿದಳು. ಕೊನೆಗೆ ಅಪ್ಪನ ಕೈ ಮೇಲೆ ಒಂದು ಸಣ್ಣ ದಿಂಬೇ ಕೂತಂತಾಯಿತು.

“ಬೆರಳಿಗೆ ಗಾಯ ಆಗಿದ್ದು, ಬಾಳಂತಿ ಆಗಿದ್ದಲ್ಲ,” ಅಂತ ಅಪ್ಪ ಗೊಣಗುತ್ತಾ ಹೊರಟ. ಶಾಲೆಗೆ ರಜೆಯಾದ್ದರಿಂದ ಊಟದ ಡಬ್ಬ ಹಿಡಿದು ನಾನೂ ಹಿಂದೆ ಹೋದೆ.

ಶೆಡ್ಡಿಗೆ ಹೋದವನೇ ಅಪ್ಪ ರೂಢಿಯಂತೆ ಒಂದು ಹಿಡಿ ಮೊಳೆ ತುಟಿಯ ನಡುವೆ ಕಚ್ಚಿಕೊಂಡು ಸುತ್ತಿಗೆ ಎತ್ತಿಕೊಂಡ. ಆಗ ಮೂರೂವರೆಯವರ ಕಣ್ಣು ಕಟ್ಟಿನ ಮೇಲೆ ಬಿತ್ತು. ಮಿಷನ್ನು ನಿಂತಿತು. ಉಳಿ ನಿಂತಿತು. ಹಿಂದಿನ ಸಂಜೆ ಎಲ್ಲರೂ ಹೋದ ಮೇಲೂ ಅಪ್ಪ ಒಬ್ಬನೇ ಕೊಯ್ಯುತ್ತಾ ಉಳಿದಿದ್ದ. ಮೇಸ್ತ್ರಿ ನಿಧಾನವಾಗಿ ಎದ್ದು ಬಂದು ಅಪ್ಪನ ಭುಜ ಹಿಡಿದರು.

“ಮಿಷನ್ನಾ?”

ಬಾಯಲ್ಲಿ ಮೊಳೆ ಇದ್ದಾಗ ಮನುಷ್ಯ ಹೇಳಬಹುದಾದ ಮಾತು ಒಂದೇ.

“ಹ್ಞೂಂ,” ಅಂದ ಅಪ್ಪ. ಮುಂದಿನದನ್ನು ಮೊಳೆ ತೆಗೆದು ಹೇಳುವವನಿದ್ದ. ಇದು ಅಪ್ಪನ ವಾದ. ನಾನು ಅಲ್ಲೇ ಇದ್ದೆ. ಮೊಳೆ ತೆಗೆಯಲು ಕೈ ಎತ್ತಿದ್ದೂ ನಿಜ. ಆದರೆ ಆ ಕೈ ತುಟಿಗೆ ತಲುಪುವ ಮೊದಲೇ ಕಿರುಬೆರಳಣ್ಣ ಬೆಂಚಿನ ಮೇಲೆ ಸರಿದು ಜಾಗ ಮಾಡಿದ.

“ಬಾ ಅಣ್ಣಾ,” ಅಂದ. “ಕೂತ್ಕೋ.”

ಇಷ್ಟು ವರ್ಷ ಪೂರ್ಣಪ್ಪ, ಇವತ್ತು ಅಣ್ಣ. ಅಪ್ಪ ಕೂತ. ಮೊದಲ ಲೋಟ ಟೀ ಬಂತು, ಹೊಗೆಯಾಡುವ ಟೀ. ಅಪ್ಪ ಮೊಳೆ ಉಗುಳಿ ಟೀ ಕುಡಿದ. ನಿಜ ಹೇಳಲು ಬಾಯಿ ಖಾಲಿಯಿರಬೇಕು, ಅಪ್ಪನ ಬಾಯಿ ಆ ದಿನ ಖಾಲಿಯಾಗಲೇ ಇಲ್ಲ.

“ಬೆರಳೆಲ್ಲಿ?” ಅಂತ ಕಿರುಬೆರಳಣ್ಣ ಕೇಳಿದ.

“ಯಾವ ಬೆರಳು?”

“ಹೋಗಿದ್ದು! ಹೊಟ್ಟಲ್ಲೇ ಬಿದ್ದಿರುತ್ತೆ. ಹುಡುಕ್ರಪ್ಪಾ, ನಾಯಿ ಎತ್ಕೊಂಡು ಹೋದೀತು!”

ಇಡೀ ಶೆಡ್ಡು ಮಂಡಿಯೂರಿತು. ಜಲ್ಲಡಿ ಹಿಡಿದು ಹೊಟ್ಟು ಸೋಸಿದರು. ಅಪ್ಪ “ಬಿಡ್ರಪ್ಪಾ, ಹೋದ್ದು ಹೋಯ್ತು” ಅಂದರೆ, “ಎಂಥಾ ದೊಡ್ಡ ಮನಸ್ಸು ನೋಡು” ಅಂತ ಕಣ್ಣೊರೆಸಿಕೊಂಡು ಇನ್ನೂ ಜೋರಾಗಿ ಸೋಸಿದರು. ಕೊನೆಗೆ ಅಳಿಯನ ಜಲ್ಲಡಿಯಲ್ಲಿ ಒಂದು ತುಂಡು ಸಿಕ್ಕಿತು. ಗುಲಾಬಿ ಬಣ್ಣ, ತುದಿ ದುಂಡಗೆ, ಒಂದು ಕಡೆ ಉಗುರಿನಂಥ ಗುರುತು. ಯಾರಿಗೂ ಹತ್ತಿರದಿಂದ ನೋಡುವ ಧೈರ್ಯವಾಗಲಿಲ್ಲ. ಮೂರೂವರೆ ಮೇಸ್ತ್ರಿ ಬೆಂಕಿಪೊಟ್ಟಣ ಖಾಲಿ ಮಾಡಿ, ಅದರೊಳಗೆ ಹತ್ತಿ ಹಾಸಿ, ತುಂಡನ್ನು ಮಲಗಿಸಿ, ಎರಡೂ ಕೈಯಿಂದ ಅಪ್ಪನಿಗೆ ಕೊಟ್ಟರು.

ನಾನು ನೋಡಿದ ತಕ್ಷಣ ಗುರುತು ಹಿಡಿದೆ. ಅದು ನನ್ನ ರಬ್ಬರು. ಚಿತ್ರ ಅಳಿಸುವ ರಬ್ಬರು. ಅಪ್ಪ ಹಲಗೆಯ ಮೇಲಿನ ಪೆನ್ಸಿಲ್ ಗೆರೆ ಅಳಿಸಲು ನನ್ನ ಡಬ್ಬಿಯಿಂದ ಎತ್ತಿಕೊಂಡು ಹೋಗಿ ಕಳೆದಿದ್ದ.

“ಅಪ್ಪಾ, ಇದು ನನ್ನ...”

“ಮನೆಗೆ ಹೋಗೋಣ,” ಅಂದ ಅಪ್ಪ.

ಮನೆಯಲ್ಲಿ ಅಮ್ಮ ಎಲ್ಲ ಕೇಳಿ ಸೌಟು ಕೆಳಗಿಟ್ಟಳು. “ಡ್ರಾಯರಿಗೆ ಬೆರಳು ಕೊಟ್ಟು ಮಿಷನ್ನಿಗೆ ಕೊಟ್ಟೆ ಅಂತ ಸುಳ್ಳು ಹೇಳಿ ಬಂದ್ರಾ?”

“ನಾನೆಲ್ಲಿ ಸುಳ್ಳು ಹೇಳಿದೆ? ಹ್ಞೂಂ ಅಂದೆ ಅಷ್ಟೆ.”

“ನಾಳೆ ಹೋಗಿ ಉಹ್ಞೂಂ ಅನ್ನಿ.”

“ನಾಳೆ ಅಂತೀನಿ,” ಅಂದ ಅಪ್ಪ. ಆದರೆ ಅಷ್ಟರಲ್ಲಿ ಸುದ್ದಿ ಬೀದಿ ದಾಟಿತ್ತು. ಬೆರಳು ತೋರಿಸಿದರೆ ಹಸ್ತ ನುಂಗುವ ಬೀದಿ ನಮ್ಮದು. ಈ ಸಲ ಬೆರಳು ತೋರಿಸದಿದ್ದರೂ ನುಂಗಿತು.

ಎದುರು ಮನೆಯ ತಾತ ನಿವೃತ್ತ ಕಂಡಕ್ಟರು. ಬಸ್ಸು ಬಿಟ್ಟರೂ ಎಣಿಸುವುದನ್ನು ಬಿಟ್ಟಿಲ್ಲ. ಬಾಗಿಲಲ್ಲೇ ನಿಂತು, “ಎಷ್ಟು ಇಳೀತು?” ಅಂತ ಕೇಳಿದರು.

“ಏನು ತಾತಾ?” ಅಂದೆ ನಾನು.

“ಬೆರಳಮ್ಮಾ! ಮೂಲೆ ಅಂಗಡಿಯಲ್ಲಿ ಒಂದು ಅಂದ್ರು. ಕ್ಷೌರದಂಗಡಿಯಲ್ಲಿ ಎರಡು ಅಂದ್ರು. ಇಲ್ಲಿಗೆ ಬರೋವಷ್ಟರಲ್ಲಿ ಮೂರು. ನನಗೆ ಸರಿಯಾದ ಲೆಕ್ಕ ಬೇಕು. ನನ್ನ ಸರ್ವಿಸ್ಸಲ್ಲಿ ಒಬ್ಬನೇ ಒಬ್ಬ ಪ್ಯಾಸೆಂಜರ್ ತಪ್ಪಿಲ್ಲ!”

ಮಾರನೇ ದಿನ ಅಪ್ಪ ಉಹ್ಞೂಂ ಅನ್ನಲೆಂದೇ ಹೊರಟ. ಶೆಡ್ಡಿನ ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಅಪ್ಪನಿಗಾಗಿಯೇ ಕಾಯುತ್ತಿದ್ದರು. “ಬೆರಳು ಕಳ್ಕೊಂಡೋರು ನೀವೇ ಅಲ್ವಾ? ನಮ್ಮ ಬೀರು ನೀವೇ ಮಾಡ್ಬೇಕು. ಹತ್ತೂ ಬೆರಳಿರೋ ಬಡಗಿ ಕೆಲಸ ಕಲ್ತಿರೋದು ಯಾವಾಗ?” ಅಂತ ಕೈ ಮುಗಿದರು. ಅಪ್ಪ ಪ್ರತಿ ಕೈಮುಗಿಯಲು ಹೋದ. ದಿಂಬು ಅಡ್ಡ ಬಂತು. ಅದನ್ನು ನೋಡಿ ಒಬ್ಬ ಗಿರಾಕಿ ಬಿಕ್ಕಿದ. ಆ ದಿನವೂ ಉಹ್ಞೂಂ ಹೊರಗೆ ಬರಲಿಲ್ಲ.

ಮೂರನೇ ದಿನ ಅತ್ತೆ ಬಂದಳು. ಅಪ್ಪನ ಅಕ್ಕ. ಬಸ್ಸಿನಿಂದ ಇಳಿದಲ್ಲಿಂದಲೇ ಅಳು ಶುರುಮಾಡಿದ್ದಳು, ಆದ್ದರಿಂದ ಅವಳು ಬರುವ ಮೊದಲೇ ಅವಳ ದನಿ ಬಂತು. “ನಮ್ಮ ವಂಶದ ಬೆರಳು ಹೋಯ್ತಲ್ಲೋ! ಚಿಕ್ಕೋನಿದ್ದಾಗ ಆ ಬೆರಳನ್ನೇ ಚೀಪ್ತಿದ್ದೆಯಲ್ಲೋ!”

“ಅದು ಹೆಬ್ಬೆಟ್ಟು ಅಕ್ಕಾ,” ಅಂದ ಅಪ್ಪ.

“ಅದೂ ಹೋಯ್ತಾ!” ಅಂತ ಅತ್ತೆ ಕುಸಿದಳು.

ಕುಸಿದವಳಿಗೆ ನೀರು ಕೊಟ್ಟು ಕೂರಿಸಿ, ನಾನು ಮೂಲೆಯಲ್ಲಿ ನನ್ನ ಪಾಡಿಗೆ ಚಿತ್ರ ಬರೆಯುತ್ತಿದ್ದೆ. ಮೂಗು ದಪ್ಪ ಬಂತು. ಬೆಂಕಿಪೊಟ್ಟಣ ತೆಗೆದು ರಬ್ಬರು ಹಿಡಿದು ಮೂಗು ಅಳಿಸಿದೆ. ಅದರಲ್ಲಿ ನನ್ನ ತಪ್ಪೇನು? ಆದರೆ ಆ ಬೆಂಕಿಪೊಟ್ಟಣದ ಕಥೆ ಅತ್ತೆಗೆ ಬಸ್ಸಿನಲ್ಲೇ ಯಾರೋ ಹೇಳಿದ್ದರು.

“ಅಯ್ಯಯ್ಯೋ! ಅಪ್ಪನ ಬೆರಳಲ್ಲಿ ಚಿತ್ರ ಅಳಿಸ್ತಾ ಇದಾಳೆ!” ಅಂತ ಕಿರುಚಿದಳು. ಈ ಸಲ ಅವಳ ಕಣ್ಣು ಮೇಲೆ ಹೋಯಿತು, ನೀರು ಚಿಮುಕಿಸಿದರೂ ಎಚ್ಚರವಾಗಲಿಲ್ಲ. ಕಂಡಕ್ಟರ್ ತಾತ ಓಡಿ ಬಂದು ಬೀಸಣಿಗೆಯಲ್ಲಿ ಗಾಳಿ ಹಾಕಿದರು. ಗಾಳಿ ಹಾಕುತ್ತಾ ಹೇಳಿದರು, “ಇದು ಹೀಗೇ ಬಿಡೋ ವಿಷಯ ಅಲ್ಲ. ಸುರಕ್ಷತಾ ಇಲಾಖೆಗೆ ಫೋನ್ ಮಾಡಿದ್ದೀನಿ. ಮೂರು ಬೆರಳು ಅಂತಾನೇ ಹೇಳಿದ್ದೀನಿ. ಕಮ್ಮಿ ಹೇಳಿದ್ರೆ ಬರಲ್ಲ ಅವರು.”

ಅಪ್ಪನ ಮುಖ ಬೆಡ್‌ಶೀಟಿನ ಬಣ್ಣಕ್ಕೆ ಬಂತು.

ಇನ್ಸ್‌ಪೆಕ್ಟರ್ ಮೇಡಂ ಮರುದಿನವೇ ಶೆಡ್ಡಿಗೆ ಬಂದರು. ಸಣ್ಣಗೆ, ನೆಟ್ಟಗೆ, ಹೊಸ ಉಳಿಯ ಹಾಗೆ ಇದ್ದರು. ಹಿಂದೆ ಕಂಡಕ್ಟರ್ ತಾತ, ತಾವೇ ಕರೆತಂದ ಹೆಮ್ಮೆಯಲ್ಲಿ. ಅವರ ಹಿಂದೆ ಅಮ್ಮ. “ಇವತ್ತು ಇದು ಮುಗೀಲೇಬೇಕು” ಅಂತ ಹೊರಟು ಬಂದಿದ್ದಳು. ನಾನಂತೂ ಬಂದೇ ಬಂದಿದ್ದೆ.

“ಬೆರಳು ಕಳ್ಕೊಂಡೋರು ಯಾರು?”

ಇಡೀ ಬೆಂಚು ಎದ್ದು ನಿಂತಿತು.

“ಈ ವಾರ,” ಅಂದರು ಮೇಡಂ.

ಎಲ್ಲರೂ ಕೂತರು, ಅಪ್ಪ ಒಬ್ಬ ಉಳಿದ. ಮೇಡಂ ಮಿಷನ್ನಿನ ಸುತ್ತ ಒಂದು ಸುತ್ತು ಬಂದರು. “ಗಾರ್ಡು ಇರಲಿಲ್ವಾ?”

ಆಗ ಮೂರೂವರೆ ಮೇಸ್ತ್ರಿ ಮುಂದೆ ಬಂದರು. ಅವರ ಮುಖದಲ್ಲಿ ಇಷ್ಟು ವರ್ಷದ ವಾದ ಗೆದ್ದ ಕಳೆ.

“ಅದೇ ನೋಡಿ ಮೇಡಂ! ಈತ ಟೋಪಿ ಹಾಕ್ದೆ ಕೊಯ್ದೋನೇ ಅಲ್ಲ. ತೋಳು ಮಡಚ್ತಾನೆ, ಉಂಗುರ ತೆಗೀತಾನೆ, ಪಕ್ಕಕ್ಕೆ ನಿಲ್ತಾನೆ, ಕೋಲಲ್ಲಿ ತಳ್ತಾನೆ. ಇಷ್ಟೆಲ್ಲಾ ಮಾಡಿದೋನ ಬೆರಳೇ ಹೋಯ್ತು! ಅಂದ್ರೆ ಏನರ್ಥ? ಆ ಟೋಪಿ, ಆ ಕೋಲು, ಎಲ್ಲಾ ದಂಡ. ಹೋಗೋ ಬೆರಳು ಹೋಗೇ ಹೋಗುತ್ತೆ. ನಾನು ನನ್ನ ಅಳಿಯನಿಗೂ ಹೇಳ್ಬಿಟ್ಟೆ, ಬಿಸಾಕು ಅಂತ!”

ಅಪ್ಪ ಗಕ್ಕನೆ ಅಳಿಯನ ಕಡೆ ತಿರುಗಿದ. ಅಳಿಯ ತಲೆ ತಗ್ಗಿಸಿದ. “ಹೌದಣ್ಣಾ. ಕೋಲು ಒಲೆಗೆ ಹಾಕಿದ್ವಿ. ಮಾವ ಅವರ ಕೈಗವಸು ಕೊಟ್ಟಿದ್ದಾರೆ.”

“ಕೈಗವಸಾ?” ಅಂದ ಅಪ್ಪ. “ಮಿಷನ್ನಿನ ಹತ್ರ ಕೈಗವಸಾ? ನೂಲು ಸಿಕ್ಕಿದ್ರೆ ಕೈಯನ್ನೇ ಎಳ್ಕೊಳ್ಳುತ್ತೆ! ನಾನು ನಿನಗೆ ಏನು ಹೇಳಿಕೊಟ್ಟಿದ್ದೆ?”

“ಹೇಳಿಕೊಟ್ಟಿದ್ರಿ ಅಣ್ಣಾ. ಆದ್ರೆ ನಿಮ್ಮದೇ ಹೋಯ್ತಲ್ಲ.”

ಇದಕ್ಕೆ ಅಪ್ಪನ ಹತ್ತಿರ ಉತ್ತರವಿತ್ತು. ಉತ್ತರ ಬೆಡ್‌ಶೀಟಿನೊಳಗೆ ಬೆಚ್ಚಗೆ ಮಲಗಿತ್ತು. ಅಪ್ಪ ಬಾಯಿ ತೆರೆದ. ಈಗ ಬಾಯಲ್ಲಿ ಮೊಳೆಯೂ ಇರಲಿಲ್ಲ, ಟೀಯೂ ಇರಲಿಲ್ಲ. ಆದರೆ ಬೆಂಚಿನವರೆಲ್ಲ ಅಪ್ಪನನ್ನೇ ನೋಡುತ್ತಿದ್ದರು, ಅಣ್ಣ ಅಂತ ಕರೆಯುವವರು ನೋಡುವ ಹಾಗೆ. ಅಪ್ಪ ಬಾಯಿ ಮುಚ್ಚಿದ.

ಮೇಡಂ ಹೇಳಿದರು, “ಗಾರ್ಡು, ಕೋಲು ಎಲ್ಲಾ ಇದ್ದೂ ಮೂರು ಬೆರಳು ಹೋಗಿದೆ ಅಂದ್ರೆ ಮಿಷನ್ನಿನಲ್ಲೇ ದೋಷ ಇದೆ. ಇದನ್ನ ಇವತ್ತೇ ಸೀಲ್ ಮಾಡ್ತೀನಿ. ಯಾರೂ ಮುಟ್ಬೇಡಿ. ಸೀಲು ಗಾಡೀಲಿದೆ, ತರ್ತೀನಿ.”

ಮೇಡಂ ಹೊರಗೆ ಕಾಲಿಟ್ಟಿದ್ದೇ ತಡ, ಶೆಡ್ಡು ಇರುವೆ ಗೂಡಿಗೆ ನೀರು ಬಿಟ್ಟ ಹಾಗಾಯಿತು. ಮಿಷನ್ನು ನಿಂತರೆ ಎಲ್ಲರ ಹೊಟ್ಟೆಪಾಡು ನಿಲ್ಲುತ್ತದೆ.

“ಮಂಚದ ಪಟ್ಟಿ ಇನ್ನೂ ಕೊಯ್ದಿಲ್ಲ!” ಮೂರೂವರೆಯವರು ಕೂಗಿದರು. “ಆಯಮ್ಮ ಬರೋದ್ರೊಳಗೆ ಮುಗಿಸು ಅಳಿಯಾ! ಟೋಪಿ ಎತ್ತು, ಬೇಗ, ಬೇಗ!”

“ಆಯ್ತು ಮಾವ,” ಅಂದ ಅಳಿಯ. ಗಾರ್ಡು ಎತ್ತಿ ಪಕ್ಕಕ್ಕೆ ಹಾಕಿದ. ಮಾವನ ದೊಗಳೆ ಕೈಗವಸು ಹಾಕಿಕೊಂಡ. ಬ್ಲೇಡಿನ ನೇರಕ್ಕೇ ನಿಂತ. ಮಿಷನ್ನು ಕೂಗಿತು. ಬೆರಳಗಲದ ಪಟ್ಟಿಯನ್ನು ಕೋಲಿಲ್ಲದೆ ಕೈಯಲ್ಲೇ ಒತ್ತಿ ತಳ್ಳಲು ಶುರುಮಾಡಿದ. ಪಟ್ಟಿ ಮುಗಿಯುತ್ತಾ ಬಂತು. ಕೈ ಮುಂದೆ ಮುಂದೆ ಹೋಯಿತು.

ನಮ್ಮಪ್ಪ ಓಡುವುದನ್ನು ನಾನು ಆ ದಿನ ಮೊದಲ ಸಲ ನೋಡಿದೆ. ಅಳಿಯನನ್ನು ಎಳೆಯಲಿಲ್ಲ, ಕೂಗಿ ಬೆಚ್ಚಿಬೀಳಿಸಲೂ ಇಲ್ಲ. ಪೇಂಟ್ ಡಬ್ಬ ಹಾರಿ, ಹೊಟ್ಟು ಹಾರಿ, ಪಕ್ಕದಿಂದ ಬಂದು ಮಿಷನ್ನಿನ ಕೆಂಪು ಗುಂಡಿಯ ಮೇಲೆ ಕಟ್ಟು ಕಟ್ಟಿದ ಕೈಯನ್ನು ಧಡ್ ಅಂತ ಕುಟ್ಟಿದ.

ಗುಂಡಿ ಒತ್ತಿಕೊಂಡಿತು. ಬ್ಲೇಡು ಸುತ್ತುತ್ತಲೇ ಇತ್ತು, ಅದು ಕೂಡಲೇ ನಿಲ್ಲುವ ಜಾತಿಯಲ್ಲ. “ಹಲಗೆ ಹಾಗೇ ಹಿಡ್ಕೋ. ಕೈ ಮುಂದೆ ತರ್ಬೇಡ. ನಿಲ್ಲೋವರೆಗೂ ಹಾಗೇ ಇರು,” ಅಂದ ಅಪ್ಪ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. ಬ್ಲೇಡಿನ ಕೂಗು ಇಳಿಯಿತು, ಹಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡವು, ನಿಂತಿತು.

ಎಲ್ಲರೂ ಬಗ್ಗಿ ನೋಡಿದರು. ಅಳಿಯನ ಕೈಗವಸಿನಿಂದ ಒಂದು ನೂಲು ಬಿಚ್ಚಿಕೊಂಡು ಹೋಗಿ ಬ್ಲೇಡಿನ ಹಲ್ಲಿಗೆ ಸುತ್ತಿಕೊಂಡಿತ್ತು. ಆ ನೂಲಿನ ಒಂದು ತುದಿಯಲ್ಲಿ ಬ್ಲೇಡು, ಇನ್ನೊಂದು ತುದಿಯಲ್ಲಿ ಅಳಿಯ. ನಡುವೆ ಒಂದು ಬೆಂಕಿಕಡ್ಡಿ ಹಿಡಿಯುವಷ್ಟು ಜಾಗ.

ಮೂರೂವರೆ ಮೇಸ್ತ್ರಿ ಮೂಗಿನ ಮೇಲೆ ಬೆರಳಿಡಲು ಹೋದರು. ಅರ್ಧವೇ ಇದ್ದದ್ದರಿಂದ ಅದು ಮೂಗಿಗೆ ಮುಟ್ಟಲಿಲ್ಲ. ಅವರು ಅದನ್ನು ಹಾಗೇ ಗಾಳಿಯಲ್ಲಿ ಹಿಡಿದು, ಒಂದು ಸಲ ಅದನ್ನು, ಒಂದು ಸಲ ಆ ನೂಲನ್ನು ನೋಡಿದರು.

“ರೀ, ನಿಮ್ಮ ಕೈ!” ಅಂದಳು ಅಮ್ಮ.

ಗುಂಡಿಯ ಮುಚ್ಚಳಕ್ಕೆ ಸಿಕ್ಕಿಕೊಂಡ ಬೆಡ್‌ಶೀಟು ಅಪ್ಪ ಕೈ ಎಳೆದಾಗ ಸರಸರ ಬಿಚ್ಚಿಕೊಂಡು ನೆಲದ ಮೇಲೆ ಹಾಸಿಕೊಂಡಿತ್ತು. ಅದರೊಳಗಿಂದ ತೋರುಬೆರಳು ಹೊರಗೆ ಬಂದಿತ್ತು. ಸ್ವಲ್ಪ ನೀಲಿ, ಸ್ವಲ್ಪ ಊದಿದ್ದು, ಆದರೆ ಇಡೀ ಬೆರಳು.

ಅದೇ ಹೊತ್ತಿಗೆ ಸೀಲು ಹಿಡಿದು ಮೇಡಂ ಒಳಗೆ ಬಂದರು.

“ಇದು ಯಾವ ಬೆರಳು?”

“ನನ್ನದೇ ಮೇಡಂ.”

“ಹೋಗಿತ್ತಲ್ವಾ?”

“ಹೋಗಿರ್ಲಿಲ್ಲ.”

“ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೀರಿ ಅಂತ ಇವರು ಹೇಳಿದ್ರು?”

“ಅದು ನನ್ನ ರಬ್ಬರು ಮೇಡಂ,” ಅಂದೆ ನಾನು. ಎಷ್ಟು ದಿನ ಅಂತ ಸುಮ್ಮನಿರುವುದು?

ಕಿರುಬೆರಳಣ್ಣ ಮೊದಲು ಬಾಯಿ ಬಿಟ್ಟ. “ಥೂ! ಮೋಸ! ಬೆರಳಿದ್ದೂ ಬೆಂಚಿನ ಮೇಲೆ ಕೂತ! ನಮ್ಮ ಟೀ ಕುಡಿದ! ಇಳಿ ಕೆಳಗೆ, ಪೂರ್ಣಪ್ಪ!”

ಅಪ್ಪ ಕೆಳಗೆ ಇಳಿಯಲಿಲ್ಲ. ಮೇಲೆ ಹತ್ತಿದ. ಬೆಂಚಿನ ಮೇಲೆ ಹತ್ತಿ ನಿಂತು ಎರಡೂ ಕೈ ಎತ್ತಿ ಬೆರಳು ಅಗಲಿಸಿದ. ತಗಡಿನ ಸೂರಿನ ತೂತಿನಿಂದ ಬಿಸಿಲು ಬಿದ್ದು ಅಪ್ಪನ ಹತ್ತೂ ಬೆರಳು ಹೊಳೆದವು.

“ಹೌದು, ಪೂರ್ಣಪ್ಪನೇ!” ಅಂತ ಕೂಗಿದ. “ಡ್ರಾಯರಿಗೆ ಸಿಕ್ಕಿಸ್ಕೊಂಡೆ, ಮಿಷನ್ನಿಗೆ ಅಂತ ಹ್ಞೂಂ ಅಂದೆ! ಒಂದು ಬಿಸಿ ಟೀಗೆ ಆಸೆ ಬಿದ್ದೆ! ಬೈಯೋದಿದ್ರೆ ಅದಕ್ಕೆ ಬೈರಿ, ಸಾಲಾಗಿ ಬಂದು ಬೈರಿ! ಆದ್ರೆ ಈ ಹತ್ತು ಬೆರಳಿಗೆ ನಾನು ನಾಚ್ಕೊಳ್ಳಲ್ಲ! ಈ ಮಿಷನ್ನಿನಲ್ಲಿ ಇಷ್ಟು ವರ್ಷ ಕೊಯ್ದಿದ್ದೀನಿ, ಇದಕ್ಕೆ ಒಂದು ಉಗುರೂ ಕೊಟ್ಟಿಲ್ಲ! ಕೊಡೋದೂ ಇಲ್ಲ! ಎಣಿಸ್ಕೊಳ್ರಿ!”

ಎಣಿಸಿ ಅಂದರೆ ಸುಮ್ಮನಿರುವವರೇ ಕಂಡಕ್ಟರ್ ತಾತ? ಬೆಂಚಿನ ಹತ್ತಿರ ಬಂದು ಒಂದೊಂದೇ ಮುಟ್ಟಿ ಎಣಿಸಿದರು. ಆಮೇಲೆ ಅಳಿಯನ ಕೈಗವಸು ಕಿತ್ತು ಅವನದ್ದನ್ನೂ ಎಣಿಸಿದರು. “ಎಲ್ಲಾ ಇದ್ದಾರೆ. ರೈಟ್ ರೈಟ್!” ಅಂದರು.

“ಹಾಗಾದ್ರೆ ಅಪಘಾತಾನೇ ಆಗಿಲ್ಲ,” ಅಂದರು ಮೇಡಂ. “ಮಿಷನ್ನಿನಲ್ಲಿ ದೋಷ ಇಲ್ಲ. ಆದ್ರೆ ಈ ಸೀಲು?” ಕೈಯಲ್ಲಿದ್ದ ಕೆಂಪು ಚೀಟಿ, ದಾರ ನೋಡಿಕೊಂಡರು. “ಪೆಟ್ಟಿಗೆಯಿಂದ ತೆಗೆದ ಸೀಲನ್ನ ವಾಪಸ್ ಇಡೋ ಹಾಗಿಲ್ಲ. ನಮ್ಮ ಇಲಾಖೆಯಲ್ಲಿ ಅದಕ್ಕೆ ದಾರೀನೇ ಇಲ್ಲ.”

“ದಾರಿ ನಾನು ತೋರಿಸ್ತೀನಿ,” ಅಂತ ಅಪ್ಪ ಬೆಂಚಿನಿಂದ ಧೊಪ್ಪನೆ ಹಾರಿದ. “ಇದಕ್ಕೆ ಹಾಕಿ.”

“ಬೆಂಚಿಗಾ?”

“ಮಿಷನ್ನು ಪಾಪ, ಕೊಟ್ರೆ ತಿನ್ನುತ್ತೆ. ಕೊಡು ಕೊಡು ಅಂತ ಕರೆಯೋದು ಈ ಬೆಂಚು.”

“ಏಯ್!” ಅಂತ ಕಿರುಬೆರಳಣ್ಣ ಅಡ್ಡ ಬಂದ. ಮೇಡಂ ಬೆಂಚನ್ನು ನೋಡಿದರು. ಅದರ ಮೇಲೆ ಕೂರುತ್ತಿದ್ದವರ ಕೈಗಳನ್ನು ನೋಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಕಿರುಬೆರಳಣ್ಣ ಮೇಸ್ತ್ರಿಯ ಕಡೆ ತಿರುಗಿ, “ನೀವಾದ್ರೂ ಹೇಳಿ!” ಅಂದ.

ಮೂರೂವರೆ ಮೇಸ್ತ್ರಿ ಇನ್ನೂ ಆ ನೂಲನ್ನೇ ಹಿಡಿದು ನಿಂತಿದ್ದರು. ಬ್ಲೇಡಿನಿಂದ ಬಿಡಿಸಿಕೊಂಡಿದ್ದರು.

“ಹಾಕ್ಲಿ ಬಿಡು,” ಅಂದರು. “ಮಗಳಿಗೆ ನಾನು ಉತ್ತರ ಕೊಡ್ಬೇಕು. ನೀನು ಬರ್ತೀಯಾ?”

ಮೇಡಂ ದಾರ ಸುತ್ತಿ, ಚೀಟಿ ಅಂಟಿಸಿ, ಮುದ್ರೆ ಒತ್ತಿದರು. ‘ಅಪಾಯಕಾರಿ. ಯಾರೂ ಉಪಯೋಗಿಸಕೂಡದು.’ ಹೊರಡುವಾಗ ಅಪ್ಪನ ಕಡೆ ತಿರುಗಿ, “ಸುಳ್ಳಿಗೆ ನಿಮ್ಮ ಮೇಲೆ ಕ್ರಮ ತಗೋಬೇಕಿತ್ತು. ಆದ್ರೆ ತಂದಿದ್ದು ಒಂದೇ ಸೀಲು” ಅಂದರು.

ಮರುದಿನ ಟೀ ಹೊತ್ತಿಗೆ ಹೋದೆ. ಎಲ್ಲರೂ ಬೋರಲು ಡಬ್ಬಗಳ ಮೇಲೆ ಕೂತಿದ್ದರು. ಮೂರೂವರೆಯವರ ಡಬ್ಬ ಸ್ವಲ್ಪ ದೊಡ್ಡದು, ಇರಲಿ, ಹಿರಿಯರು. ಮಿಷನ್ನಿನ ಮೇಲೆ ಟೋಪಿ ಇತ್ತು, ಪಕ್ಕದಲ್ಲಿ ಹೊಸ ತಳ್ಳುಕೋಲು. ಅದನ್ನು ಕೆತ್ತಿದ್ದು ಮೇಸ್ತ್ರಿಯೇ. ಕೇಳಿದರೆ, “ಯಾವನಿಗೆ ಗೊತ್ತು, ಇಲ್ಲೇ ಬಿದ್ದಿತ್ತು” ಅನ್ನುತ್ತಾರೆ. ಅಪ್ಪನನ್ನು ಯಾರೂ ಅಣ್ಣ ಅನ್ನಲಿಲ್ಲ. ಅಳಿಯ ಒಬ್ಬ ಅಂದ. ಗಿರಾಕಿಗಳಿಬ್ಬರೂ ಬೀರಿನ ಆರ್ಡರು ವಾಪಸ್ ತಗೊಂಡರು. ಕಿರುಬೆರಳಣ್ಣ ಮಾತು ಬಿಟ್ಟಿದ್ದ. ಟೀ ಇನ್ನೂ ಕೊನೆಯದೇ ಬಂತು. ಅಪ್ಪ ಆ ತಣ್ಣನೆ ಲೋಟವನ್ನು ರಾಜನ ಹಾಗೆ ಎತ್ತಿ ಕುಡಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮ್ಮ ಬಿಡಬೇಕಲ್ಲ. “ಊರಿಗೆಲ್ಲ ಸುರಕ್ಷತೆ ಹೇಳ್ಕೊಟ್ರಲ್ಲ, ಈಗ ಆ ಡ್ರಾಯರು?” ಅಂದಳು. ಅಪ್ಪ ತೋಳು ಮಡಚಿದ, ಉಂಗುರ ತೆಗೆದ, ಪಕ್ಕಕ್ಕೆ ಸರಿದು ನಿಂತ, ತಳ್ಳುಕೋಲನ್ನೇ ಹಿಡಿದು ಡ್ರಾಯರು ಎಳೆದ. ಡ್ರಾಯರು ಕೋಲನ್ನು ಬಿಟ್ಟು ಇನ್ನೊಂದು ಕೈಯ ಬೆರಳನ್ನು ಹಿಡಿಯಿತು.

ಬೆಳಗ್ಗೆ ಅಪ್ಪ ಹೊಸ ದಿಂಬು ಕಟ್ಟಿಕೊಂಡು ಶೆಡ್ಡಿಗೆ ಹೋದ. ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿಕೊಂಡ. ಮಿಷನ್ನು ನಿಂತಿತು. ಉಳಿ ನಿಂತಿತು. ಎಲ್ಲ ಡಬ್ಬಗಳೂ ಅಪ್ಪನ ಕಡೆ ತಿರುಗಿದವು. ಮೂರೂವರೆ ಮೇಸ್ತ್ರಿ ಎದ್ದು ಬಂದರು.

“ಮಿಷನ್ನಾ?”

ಅಪ್ಪ ಸುತ್ತಿಗೆ ಕೆಳಗಿಟ್ಟ. ಬಾಯಲ್ಲಿದ್ದ ಅಷ್ಟೂ ಮೊಳೆಗಳನ್ನು ಟಣ್ ಟಣ್ ಅಂತ ಕಬ್ಬಿಣದ ಮೇಜಿನ ಮೇಲೆ ಉಗುಳಿದ. ಕೊನೆಯದು ಉರುಳಿ ನಿಲ್ಲುವವರೆಗೂ ಕಾದ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

“ಡ್ರಾಯರು!”